ಬಟ್ಟೆ ತಂತಿಗೆ ಸೂರಕ್ಕಿ ಗೂಡು, ಮುಂದಿನ ವಾರ ಬಣ್ಣದವರು ಬರುತ್ತಾರೆ

ನಿಟುವಳ್ಳಿ ಹಿತ್ತಲು:
ನಮ್ಮದು ದಾವಣಗೆರೆ. ಹಿತ್ತಲಲ್ಲಿ ಒಂದು ನುಗ್ಗೆ, ಎರಡು ದಾಸವಾಳ, ಒಂದು ಕರಿಬೇವು, ಅಷ್ಟೇ. ಈ ಬೇಸಿಗೆ ಕೊನೆಯಲ್ಲಿ ಅಷ್ಟರಲ್ಲೇ ಎಷ್ಟೊಂದು ಜೀವ! ಓತಿಕ್ಯಾತ ಕತ್ತು ಕೆಂಪು ಮಾಡಿಕೊಂಡು ಕಾಂಪೌಂಡ್ ಮೇಲೆ ದಂಡ ಹೊಡೆಯುತ್ತಿರುತ್ತದೆ. ಬೆಳಗಾದರೆ ಹರಟೆಮಲ್ಲಗಳ ಜಗಳ.

ವಿಷಯ ಏನಂದರೆ, ಬಟ್ಟೆ ಒಣಹಾಕುವ ತಂತಿಯ ತುದಿಗೆ ಸೂರಕ್ಕಿ ಗೂಡು ಕಟ್ಟಿದೆ. ನಾರು, ಒಣ ಎಲೆ, ತೊಗಟೆ ಚೂರು, ಎಲ್ಲವನ್ನೂ ಜೇಡರ ಬಲೆಯಿಂದ ಅಂಟಿಸಿದೆ. ದೂರದಿಂದ ನೋಡಿದವರು ಕಸ ಸಿಕ್ಕಿಕೊಂಡಿದೆ ಅನ್ನಬೇಕು. ಬಾಗಿಲ ಮೇಲೆ ಪುಟ್ಟ ಸಜ್ಜ ಬೇರೆ. ಹೆಣ್ಣು ಒಳಗೆ ಕೂತರೆ ಬಾಗಿದ ಕೊಕ್ಕು ಮಾತ್ರ ಹೊರಗೆ ಕಾಣುತ್ತದೆ. ಗಂಡಿನ ಬೆನ್ನು ಕಂದುಗೆಂಪು, ಹೊಟ್ಟೆ ಹಳದಿ.

ಮುಂದಿನ ವಾರ ಬಣ್ಣದವರು ಬರುತ್ತಾರೆ. ಗೂಡನ್ನು ಹಾಗೇ ಬಿಚ್ಚಿ ನುಗ್ಗೆ ಕೊಂಬೆಗೆ ಕಟ್ಟಬಹುದಾ? ದಾಸವಾಳಕ್ಕೆ ಹಿಟ್ಟು ತಿಗಣೆ ಹತ್ತಿದೆ, ನಮ್ಮ ಅತ್ತೆ ಔಷಧಿ ಹೊಡೆಸೋಣ ಅನ್ನುತ್ತಿದ್ದಾರೆ. ಮಧ್ಯಾಹ್ನದ ಬಿಸಿಲೂ ಗೂಡಿನ ಮೇಲೇ ಬೀಳುತ್ತದೆ. ನನಗಂತೂ ಅದೇ ಚಿಂತೆ.

ದುರ್ಗದ ಮೇಷ್ಟ್ರು:
ಗೂಡು ಮುಟ್ಟಬೇಡಿ ತಾಯಿ. ಜಾಗ ಬದಲಾದರೆ ಹಕ್ಕಿ ಬಿಟ್ಟೇ ಹೋಗಬಹುದು. ಸಾಮಾನ್ಯವಾಗಿ ಎರಡು ಮೊಟ್ಟೆ. ಕಾವಿಗೆ ಎರಡು ವಾರ ಚಿಲ್ಲರೆ, ಮರಿ ಹಾರುವುದಕ್ಕೆ ಹೆಚ್ಚೂಕಡಿಮೆ ಮತ್ತೆ ಅಷ್ಟೇ. ಒಂದು ತಿಂಗಳು ಆ ಗೋಡೆ ಬಿಟ್ಟು ಉಳಿದದ್ದಕ್ಕೆ ಬಣ್ಣ ಹೊಡೆಸಿ.

ಔಷಧಿ ಖಂಡಿತ ಬೇಡ. ಸೂರಕ್ಕಿ ಬರೀ ಹೂವಿನ ಸಿಹಿ ಕುಡಿದು ಬದುಕುತ್ತದೆ ಅಂದುಕೊಂಡಿರುತ್ತೇವೆ. ಮರಿ ಬೆಳೆಯುವುದು ಜೇಡ, ಸಣ್ಣ ಹುಳ ತಿಂದು. ನೀವು ಹೊಡೆದ ಔಷಧಿ ಹುಳದ ಜೊತೆ ಮರಿಯ ಬಾಯಿಗೇ ಹೋಗುತ್ತದೆ. ತಿಗಣೆ ಜಾಸ್ತಿ ಹತ್ತಿದ ಕುಡಿ ಕತ್ತರಿಸಿ ಹಾಕಿ, ಉಳಿದದ್ದಕ್ಕೆ ಪೈಪಿನಿಂದ ಜೋರಾಗಿ ನೀರು ಬಿಡಿ. ಮೂಲೆಯ ಜೇಡರ ಬಲೆಯನ್ನೂ ಸದ್ಯ ಗುಡಿಸಬೇಡಿ. ಅತ್ತೆಯವರಿಗೆ ಹೇಳಿ, ಗೂಡಿನ ಅಂಟೂ ಅದೇ, ಮರಿಯ ಊಟವೂ ಅಲ್ಲೇ.

ಪಿಜೆ ಬಡಾವಣೆ:
ನೆರಳಿಗೆ ಹಳೇ ಪಂಚೆ ಕಟ್ಟಬಹುದು, ಗೂಡಿನಿಂದ ಐದಾರು ಅಡಿ ದೂರದಲ್ಲಿ, ನಾಲ್ಕೂ ತುದಿ ಬಿಗಿಯಾಗಿ. ಕೃತ್ತಿಕೆ ಮಳೆಯ ಗಾಳಿ ಗೊತ್ತಲ್ವಾ, ಬಟ್ಟೆ ಹಾರಿ ಗೂಡಿಗೆ ಬಡಿದರೆ ಮುಗಿಯಿತು. ತಂತಿ ಕೆಳಗೆ ಏಣಿ, ಸ್ಟೂಲ್ ಇಡಬೇಡಿ, ಬೆಕ್ಕು ಹತ್ತುತ್ತದೆ. ಮಣ್ಣಿನ ತಟ್ಟೆಯಲ್ಲಿ ಒಂದಿಂಚು ನೀರು, ನಡುವೆ ಒಂದು ಕಲ್ಲು ಇಡಿ. ದಿನಾ ನೀರು ಬದಲಿಸಿ, ಇಲ್ಲದಿದ್ದರೆ ಸೊಳ್ಳೆ.

ನಿಟುವಳ್ಳಿ ಹಿತ್ತಲು:
ತುಂಬಾ ಥ್ಯಾಂಕ್ಸ್. ಅತ್ತೆ ಒಪ್ಪಿದರು. ಬಟ್ಟೆ ಈಗ ತಾರಸಿ ಮೇಲೆ. ಬಣ್ಣದವರಿಗೂ ಹೇಳಿದ್ದೇನೆ. ಇವತ್ತು ಹೆಣ್ಣು ಪದೇ ಪದೇ ಜೇಡ ಕಚ್ಚಿಕೊಂಡು ಬರುತ್ತಿದೆ. ಮರಿ ಆಗಿರಬೇಕು ಅಲ್ವಾ?

ದುರ್ಗದ ಮೇಷ್ಟ್ರು:
ಆಗಿದೆ ಅಂತಲೇ ಲೆಕ್ಕ. ಫೋಟೋಗೆ ಅಂತ ಹತ್ತಿರ ಹೋಗಬೇಡಿ. ಅಡುಗೆಮನೆ ಕಿಟಕಿಯಿಂದಲೇ ನೋಡಿ.