ಪದಚರ್ಚೆ: ಮಿಡಿಯ ‘ಥ್ರೂ’ಗೆ ಕನ್ನಡದಲ್ಲಿ ಏನನ್ನೋಣ?

ಬೆಳಗಾವಿಯಿಂದ:

ಪೇಟಿ (ಹಾರ್ಮೋನಿಯಂ) ಮಾಸ್ತರರಿಗಾಗಿ ಎರಡು ಪುಟದ ಕೈಪಿಡಿ ಸಿದ್ಧವಾಗುತ್ತಿದೆ: ಡಿಜಿಟಲ್ ಪಿಯಾನೊಗೆ ಹೊರಗಿನ ಸೌಂಡ್ ಮಾಡ್ಯೂಲ್ (ಸಂದೇಶ ಬಂದಾಗ ದನಿ ಹೊರಡಿಸುವ ಪೆಟ್ಟಿಗೆ) ಜೋಡಿಸುವುದು ಹೇಗೆ ಎಂದು. ಜೋಡಣೆ ಮಿಡಿಯದು, ಅಂದರೆ ಎಲೆಕ್ಟ್ರಾನಿಕ್ ವಾದ್ಯಗಳು ಒಂದಕ್ಕೊಂದು ಸಂದೇಶ ಕಳಿಸುವ ಪದ್ಧತಿಯದು; ಅದರ ಕಿಂಡಿಗಳ ಹೆಸರು ಇನ್, ಔಟ್, ಥ್ರೂ. ಕರಡಿನಲ್ಲಿ ಇನ್ ಎಂದರೆ ‘ಒಳಗೆ’, ಔಟ್ ಎಂದರೆ ‘ಹೊರಗೆ’, ಥ್ರೂ ಎಂದರೆ ‘ಮೂಲಕ’ ಎಂದಿದೆ. ಇದನ್ನು ಓದಿದವರು ಔಟನ್ನು ಔಟಿಗೇ ಸಿಕ್ಕಿಸುತ್ತಾರೆ. ಪಿಯಾನೊದ ‘ಲೋಕಲ್ ಆಫ್’ ಎಂಬ ಸೆಟ್ಟಿಂಗಿಗೆ ಬರೆದ ‘ಸ್ಥಳೀಯ ಸ್ಥಗಿತ’ವಂತೂ ಸಿಟಿ ಬಸ್ ಬಂದ್ ಆದಂತೆ ಕೇಳಿಸುತ್ತದೆ. ಬೇರೆ ಪದಗಳಿದ್ದರೆ ತಿಳಿಸಿರಿ.

ವಿಜಯಪುರದಿಂದ:

ಸರ್, ‘ಒಳಗೆ’ ಎಂದಕೂಡಲೇ ‘ಯಾವುದರ ಒಳಗೆ?’ ಎಂಬ ಪ್ರಶ್ನೆ ಏಳುತ್ತದೆ. ಇನ್, ಔಟ್ ಆಯಾ ಪೆಟ್ಟಿಗೆಯ ಕಡೆಯಿಂದ ಇಟ್ಟ ಹೆಸರು, ತಂತಿಯ ಕಡೆಯಿಂದಲ್ಲ. ಅಚ್ಚಾದ ಹೆಸರು ಹಾಗೇ ಇರಲಿ, ಔಟ್ ಪಕ್ಕದಲ್ಲಿ ‘ಹೇಳುವ ಬಾಯಿ’, ಇನ್ ಪಕ್ಕದಲ್ಲಿ ‘ಕೇಳುವ ಕಿವಿ’ ಎಂದು ಬರೆಯಿರಿ. ಬಾಯಿಗೆ ಬಾಯಿ ಹಚ್ಚಿದರೆ ಕೇಳುವವರು ಯಾರು? ಹಾಗೆ ಹಚ್ಚಿದರೂ ಏನೂ ಸುಡುವುದಿಲ್ಲ, ದನಿ ಬರುವುದಿಲ್ಲ ಅಷ್ಟೇ.

‘ಮೂಲಕ’ ಒಂಟಿಯಾಗಿ ನಿಲ್ಲುವ ಪದವಲ್ಲ, ಅದರ ಹಿಂದೆ ಒಂದು ನಾಮಪದ ಬೇಕು. ಥ್ರೂ ಮಾಡುವ ಕೆಲಸ ನೋಡಿರಿ: ಇನ್‌ಗೆ ಬಂದದ್ದನ್ನು ತನ್ನದೇನೂ ಸೇರಿಸದೆ ಮುಂದಕ್ಕೆ ದಾಟಿಸುತ್ತದೆ. ಭಜನೆಯಲ್ಲಿ ಮುಂದಿನವ ಹೇಳಿದ ಸೊಲ್ಲನ್ನು ಹಿಮ್ಮೇಳದವರು ಹಾಗೇ ಎತ್ತಿಕೊಂಡಂತೆ. ‘ದಾಟಿಸುವ ಕಿಂಡಿ’ ಸಾಕು. ಔಟ್, ಥ್ರೂಗಳ ಭೇದ ತಿಳಿಯದಿದ್ದರೆ ಎರಡನೆಯ ಮಾಡ್ಯೂಲ್ ಮೂಕಾಗುತ್ತದೆ. ಪಿಯಾನೊದ ಔಟ್‌ನಿಂದ ಮೊದಲನೆಯ ಮಾಡ್ಯೂಲಿನ ಇನ್‌ಗೆ, ಅದರ ಥ್ರೂನಿಂದ ಎರಡನೆಯದರ ಇನ್‌ಗೆ ಹೋಗಬೇಕು. ಥ್ರೂ ಬದಲು ಔಟ್‌ನಿಂದ ಎಳೆದರೆ ಪಿಯಾನೊದಲ್ಲಿ ನುಡಿಸಿದ್ದು ಸಾಮಾನ್ಯವಾಗಿ ಅಲ್ಲಿಗೆ ಮುಟ್ಟುವುದೇ ಇಲ್ಲ. ಹೀಗೆ ಮೂರ್ನಾಲ್ಕು ಪೆಟ್ಟಿಗೆಗಿಂತ ಹೆಚ್ಚು ಸರಪಳಿ ಬೇಡ, ಪ್ರತಿ ದಾಟಿನಲ್ಲೂ ಸಂಕೇತ ಸ್ವಲ್ಪ ಕೆಡುತ್ತದೆ. ಒಂದೊಂದು ತಂತಿಯೂ 15 ಮೀಟರ್ ಒಳಗಿರಲಿ.

ಹೊಸ ಪಿಯಾನೊಗಳಲ್ಲಿ ಐದು ಪಿನ್ನಿನ ಮಿಡಿ ಕಿಂಡಿಯೇ ಇರದೆ ಚೌಕಾಕಾರದ ಯುಎಸ್‌ಬಿ ಮಾತ್ರ ಇರುವುದುಂಟು. ಮೇಲೆ ‘ಟು ಹೋಸ್ಟ್’ (ಹೋಸ್ಟ್ ಎಂದರೆ ಯುಎಸ್‌ಬಿ ಜೋಡಣೆಯನ್ನು ನಡೆಸುವ ಸಾಧನ) ಎಂದಿದ್ದರೆ ‘ಇದೇ ಹೋಸ್ಟ್’ ಎಂದಲ್ಲ, ‘ಇಲ್ಲಿಂದ ಹೋಸ್ಟ್‌ಗೆ’ ಎಂದು. ಆ ‘ಗೆ’ ಪ್ರತ್ಯಯ ಬಿಡಬೇಡಿರಿ. ಹೋಸ್ಟ್‌ಗೆ ‘ಯಜಮಾನ’ ಒಪ್ಪುತ್ತದೆ: ಪಿಯಾನೊ, ಮಾಡ್ಯೂಲ್ ಎರಡೂ ಆಳುಗಳೇ ಆದರೆ ನಡುವೆ ಕಂಪ್ಯೂಟರ್, ಒಟಿಜಿ (ಫೋನನ್ನೇ ಹೋಸ್ಟ್ ಮಾಡುವ ಅಡಾಪ್ಟರ್) ಹಚ್ಚಿದ ಫೋನ್, ಇಲ್ಲವೇ ಯುಎಸ್‌ಬಿ ಹೋಸ್ಟ್ ಪೆಟ್ಟಿಗೆ ಬೇಕೇ ಬೇಕು.

ಬಾಗಲಕೋಟೆಯಿಂದ:

‘ಲೋಕಲ್’ ಎಂದರೆ ನಮ್ಮ ಕಡೆ ಕಳಪೆ ಮಾಲು! ‘ಸ್ವಂತ ದನಿ ಬಂದ್’ ಎಂದು ಬರೆಯುವ ಮನಸ್ಸಾದೀತು, ಅದೂ ತಪ್ಪು. ಲೋಕಲ್ ಆಫ್ ಮಾಡಿದರೂ ಇನ್‌ಗೆ ಬಂದ ಸಂದೇಶಕ್ಕೆ ಪಿಯಾನೊ ದನಿ ಕೊಡುತ್ತಲೇ ಇರುತ್ತದೆ. ಕಡಿಯುವುದು ಬೆರಳಿನಿಂದ ಒತ್ತುವ ಪಟ್ಟಿಗೂ ದನಿಗೂ ನಡುವಿನ ಕೊಂಡಿ ಮಾತ್ರ. ಆದ್ದರಿಂದ ‘ಪಟ್ಟಿ–ದನಿ ಕೊಂಡಿ ಕಳಚು’. ಕಂಪ್ಯೂಟರಿನ ಸಾಫ್ಟ್‌ವೇರ್ ಅದೇ ಸ್ವರವನ್ನು ಪಿಯಾನೊಗೆ ಮರಳಿ ಕಳಿಸಿದಾಗ ಒಂದು ಪಟ್ಟಿಗೆ ಎರಡು ದನಿ ಕೂಡಿ, ಡಬ್ಬಿಯೊಳಗಿಂದ ಬಂದಂತಾಗುತ್ತದೆ. ಒಮ್ಮೆಗೆ 64 ಸ್ವರ ಹಿಡಿಯುವ ವಾದ್ಯ 32ಕ್ಕೇ ಸುಸ್ತಾಗುತ್ತದೆ. ಆಗ ಈ ಕೊಂಡಿ ಕಳಚಬೇಕು. ಕೆಲಸ ಮುಗಿದ ಮೇಲೆ ಮತ್ತೆ ಕೂಡಿಸಬೇಕೆಂದೂ ಬರೆಯಿರಿ, ಇಲ್ಲವಾದರೆ ಪಿಯಾನೊ ಕೆಟ್ಟಿತೆಂದು ರಿಪೇರಿಗೆ ಒಯ್ಯುತ್ತಾರೆ.

‘ಮಿಡಿ’ ಎಂಬ ಬರಹ ಹಾಗೇ ಇರಲಿ. ವೀಣೆ ಮಿಡಿಯುವುದು ಬೆರಳಿನ ಕೆಲಸ, ಈ ತಂತಿಯಲ್ಲಿ ಹರಿಯುವುದೂ ದನಿಯಲ್ಲ, ಬೆರಳಿನ ಸುದ್ದಿ: ಯಾವ ಪಟ್ಟಿ, ಎಷ್ಟು ಜೋರು, ಯಾವಾಗ ಬಿಟ್ಟರು. ಅದನ್ನು ಆಂಪ್ಲಿಫೈಯರ್‌ಗೆ ಹಚ್ಚಬಾರದೆಂದು ಪೇಟಿಯವರಿಗೆ ಹೇಳಲು ಇದೇ ಸುಲಭ ದಾರಿ. ಮಿಡಿ ಎಣಿಕೆಯ 60ನೇ ಸ್ವರಕ್ಕೆ (ಪಿಯಾನೊದ ನಡುವಿನ ಸಿ) ಮಾತ್ರ ‘ಮಧ್ಯ ಸಪ್ತಕದ ಸಾ’ ಎನ್ನಬೇಡಿರಿ. ಪೇಟಿಯವರ ಸಾ ಹಾಡುವವರ ಶ್ರುತಿಗೆ ತಕ್ಕಂತೆ ಬದಲಾಗುತ್ತದೆ. ‘ನಡುವಿನ ಬಿಳಿ ಒಂದು’ ಎಂದು ಬರೆದು ಪಕ್ಕಕ್ಕೆ 60 ಹಾಕಿರಿ.