ಸಿರೋಸಿಸ್ ಇರುವವರಿಗೆ ಎದ್ದು ಕುಳಿತಾಗ ಏದುಸಿರು: ಲಿವರ್‌ಗೂ ಶ್ವಾಸಕೋಶದ ರಕ್ತನಾಳಗಳಿಗೂ ಏನು ಸಂಬಂಧ?

ಪ್ರಶ್ನೆ

ನಮ್ಮ ತಂದೆಯವರಿಗೆ 61 ವರ್ಷ. ನಾಲ್ಕು ವರ್ಷಗಳಿಂದ ಸಿರೋಸಿಸ್ (ಲಿವರ್ ಕಲೆಗಟ್ಟಿ ಗಡುಸಾಗುವ ಕಾಯಿಲೆ) ಇದ್ದರೂ ಔಷಧಿಯಿಂದ ಹತೋಟಿಯಲ್ಲಿದೆ. ಹೊಟ್ಟೆಯಲ್ಲಿ ನೀರು ತುಂಬಿಲ್ಲ, ಕಾಮಾಲೆಯೂ ಇಲ್ಲ. ಆದರೆ ಐದಾರು ತಿಂಗಳಿಂದ ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುತ್ತಿದೆ. ಎದೆಯ ಎಕ್ಸ್‌ರೇಯಲ್ಲಿ ದೋಷ ಕಂಡಿಲ್ಲ. ಉಸಿರಿನ ತೊಂದರೆ ಇರುವವರು ದಿಂಬಿಗೆ ಒರಗಿ ಕೂರುವುದನ್ನೇ ನಾನು ನೋಡಿದ್ದೇನೆ. ಇವರಿಗೆ ಮಾತ್ರ ಮಲಗಿದರೆ ಆರಾಮ, ಎದ್ದು ಕುಳಿತರೆ ಕಷ್ಟ. ಆಕ್ಸಿಮೀಟರ್ ಮಲಗಿದಾಗ 95 ತೋರಿಸಿದರೆ, ಕುಳಿತು ಸ್ವಲ್ಪ ಹೊತ್ತಿಗೆ 89ಕ್ಕೆ ಇಳಿಯುತ್ತದೆ. ಬೆರಳ ತುದಿಗಳೂ ದುಂಡಗೆ ಉಬ್ಬಿವೆ. ಲಿವರ್ ಹತೋಟಿಯಲ್ಲಿರುವಾಗ ಅದಕ್ಕೂ ಇದಕ್ಕೂ ಸಂಬಂಧವಿರಲಾರದು ಎಂದು ಒಬ್ಬ ವೈದ್ಯರು ಹೇಳಿದರು. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1

ನಾನು ಶ್ವಾಸಕೋಶ ತಜ್ಞ. ನೀವು ಮಲಗಿಸಿಯೂ ಕೂರಿಸಿಯೂ ಅಳೆದು ನೋಡಿದ್ದು ಬಹಳ ಒಳ್ಳೆಯದಾಯಿತು, ಏಕೆಂದರೆ ಈ ವ್ಯತ್ಯಾಸವೇ ಮುಖ್ಯ ಸುಳಿವು. ರೋಗಿಯನ್ನು ಪರೀಕ್ಷಿಸದೆ ನಿರ್ಣಯ ಹೇಳಲಾಗದು; ಆದರೂ ನಿಮ್ಮ ವಿವರಣೆ ಓದಿದಾಗ ಮೊದಲು ನೆನಪಾಗುವುದು ಹೆಪಟೋಪಲ್ಮನರಿ ಸಿಂಡ್ರೋಮ್, ಅಂದರೆ ಲಿವರ್ ರೋಗದಿಂದ ಶ್ವಾಸಕೋಶದ ರಕ್ತನಾಳಗಳು ಹಿಗ್ಗುವ ತೊಂದರೆ.

ಶ್ವಾಸಕೋಶದ ಲೋಮನಾಳಗಳು ಸಾಮಾನ್ಯವಾಗಿ 8ರಿಂದ 15 ಮೈಕ್ರಾನ್ ಅಗಲವಿದ್ದು, ಕೆಂಪು ರಕ್ತಕಣಗಳು ಬಹುಮಟ್ಟಿಗೆ ಒಂದರ ಹಿಂದೊಂದು ಸಾಲಾಗಿ ಸಾಗುತ್ತವೆ. ಹಾಗಾಗಿ ಪ್ರತಿ ಕಣಕ್ಕೂ ಪಕ್ಕದ ವಾಯುಕೋಶದಿಂದ ಆಮ್ಲಜನಕ ಸಿಗುತ್ತದೆ. ಲಿವರ್ ರೋಗದಲ್ಲಿ ನೈಟ್ರಿಕ್ ಆಕ್ಸೈಡ್‌ನಂತಹ, ನಾಳಗಳನ್ನು ಸಡಿಲಿಸುವ ವಸ್ತುಗಳು ಶ್ವಾಸಕೋಶದಲ್ಲಿ ಹೆಚ್ಚಾಗಿ ಉತ್ಪತ್ತಿಯಾಗಿ, ಈ ನಾಳಗಳು ಹಲವು ಪಟ್ಟು ಹಿಗ್ಗುತ್ತವೆ. ಆಗ ನಾಳದ ನಡುವೆ ವೇಗವಾಗಿ ಹರಿಯುವ ರಕ್ತಕ್ಕೆ ಆಮ್ಲಜನಕ ತಲುಪುವಷ್ಟರಲ್ಲಿ ಅದು ದಾಟಿ ಹೋಗಿರುತ್ತದೆ. ಹಿಗ್ಗಿದ ನಾಳಗಳು ಶ್ವಾಸಕೋಶದ ಕೆಳಭಾಗದಲ್ಲೇ ಹೆಚ್ಚಿರುವುದರಿಂದ, ಕುಳಿತಾಗ ಗುರುತ್ವದ ಸೆಳೆತಕ್ಕೆ ರಕ್ತ ಅಲ್ಲಿಗೇ ಇಳಿದು ತೊಂದರೆ ಹೆಚ್ಚುತ್ತದೆ.

ಸಂಬಂಧವಿರಲಾರದು ಎಂಬ ಮಾತನ್ನು ನಾನು ಒಪ್ಪಲಾರೆ. ಈ ಕಾಯಿಲೆಯ ತೀವ್ರತೆ ಲಿವರ್ ಎಷ್ಟು ಕೆಟ್ಟಿದೆ ಎಂಬುದನ್ನು ಅನುಸರಿಸುವುದಿಲ್ಲ. ಸಿರೋಸಿಸ್ ಹತೋಟಿಯಲ್ಲಿರುವವರಲ್ಲೂ ಇದು ತೀವ್ರವಾಗಿರಬಹುದು.

ಎರಡು ಪರೀಕ್ಷೆ ಕೇಳಿ. ಒಂದು, ಅಪಧಮನಿಯ ರಕ್ತದಲ್ಲಿ ಆಮ್ಲಜನಕದ ಒತ್ತಡ ಅಳೆಯುವ ಎಬಿಜಿ. ಇನ್ನೊಂದು ಬಬಲ್ ಎಕೋ, ಅಂದರೆ ಗುಳ್ಳೆಗಳನ್ನು ಬಿಟ್ಟು ಮಾಡುವ ಹೃದಯದ ಅಲ್ಟ್ರಾಸೌಂಡ್. ಚೆನ್ನಾಗಿ ಕುಲುಕಿದ ಸಲೈನನ್ನು ಕೈಯ ನರಕ್ಕೆ ಕೊಟ್ಟರೆ ಅದರ ಗುಳ್ಳೆಗಳು ಹೃದಯದ ಬಲಭಾಗಕ್ಕೆ ಬಂದು, ಶ್ವಾಸಕೋಶದಲ್ಲೇ ಸೋಸಿಹೋಗಬೇಕು. ಮೂರು ಬಡಿತ ಕಳೆದ ಮೇಲೆ ಎಡಭಾಗದಲ್ಲೂ ಕಾಣಿಸಿಕೊಂಡರೆ ಹಿಗ್ಗಿದ ನಾಳಗಳ ಮೂಲಕ ನುಸುಳಿವೆ ಎಂದರ್ಥ. ಅದಕ್ಕೂ ಮುಂಚೆಯೇ ಕಂಡರೆ ಹೃದಯದ ಗೋಡೆಯಲ್ಲಿ ರಂಧ್ರವಿದೆಯೇ ಎಂದು ನೋಡಬೇಕಾಗುತ್ತದೆ. ಸಾದಾ ಎಕೋದಲ್ಲಿ ಇದು ತಿಳಿಯುವುದಿಲ್ಲ.

ಉತ್ತರ 2

ಮೇಲಿನವರು ಹೇಳಿದ್ದಕ್ಕೆ ನಮ್ಮ ಅನುಭವವನ್ನು ಸೇರಿಸುತ್ತೇನೆ. ನನ್ನ ಅಕ್ಕನಿಗೂ ಸಿರೋಸಿಸ್ ಇದೆ, ಅವರಿಗೂ ಏದುಸಿರು ಬರುತ್ತಿತ್ತು. ಆದರೆ ಅವರದು ಇದಕ್ಕೆ ತದ್ವಿರುದ್ಧವಾದ ಪೋರ್ಟೊಪಲ್ಮನರಿ ಹೈಪರ್‌ಟೆನ್ಷನ್. ಅದರಲ್ಲಿ ಶ್ವಾಸಕೋಶದ ಸಣ್ಣ ಅಪಧಮನಿಗಳು ಹಿಗ್ಗುವ ಬದಲು ಕಿರಿದಾಗಿ, ಅವುಗಳೊಳಗೆ ರಕ್ತ ತಳ್ಳಲು ಹೃದಯದ ಬಲಭಾಗ ಹೆಣಗಿ ಸೋಲುತ್ತದೆ. ಎಕೋದಲ್ಲಿ ಅನುಮಾನ ಬಂದು, ಕ್ಯಾಥೆಟರ್ (ತೆಳುವಾದ ಕೊಳವೆ) ಹಾಕಿ ಒತ್ತಡ ಅಳೆದ ಮೇಲೆಯೇ ಖಚಿತವಾಯಿತು. ನಾಳಗಳನ್ನು ಸಡಿಲಿಸುವ ಸಿಲ್ಡೆನಾಫಿಲ್ ಮಾತ್ರೆ ಶುರುಮಾಡಿದರು, ಅನ್ನನಾಳದ ಉಬ್ಬಿದ ನರಗಳಿಗೆಂದು ಕೊಡುತ್ತಿದ್ದ ಬೀಟಾ ಬ್ಲಾಕರ್ ಅನ್ನು ವೈದ್ಯರೇ ಹಂತಹಂತವಾಗಿ ನಿಲ್ಲಿಸಿದರು. ಎರಡರಲ್ಲಿ ಯಾವುದೆಂದು ತಿಳಿಯುವ ಮುನ್ನ ಒಬ್ಬರ ಮಾತ್ರೆಯನ್ನು ನೋಡಿ ಇನ್ನೊಬ್ಬರು ಕೇಳಬೇಡಿ. ಬೀಟಾ ಬ್ಲಾಕರ್ ಅನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸಲೂ ಬೇಡಿ, ಆ ಉಬ್ಬಿದ ನರಗಳಿಂದ ರಕ್ತಸ್ರಾವವಾದೀತು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಪರೀಕ್ಷೆಗಳಾದವು. ನಾಲ್ಕನೆಯ ಬಡಿತದ ನಂತರ ಎಡಭಾಗದಲ್ಲಿ ಗುಳ್ಳೆಗಳು ಕಂಡವು. ಎಬಿಜಿಯಲ್ಲಿ ಆಮ್ಲಜನಕದ ಒತ್ತಡ 57 (ಮಿ.ಮೀ. ಪಾದರಸ) ಬಂದಿದೆ. ಮನೆಯಲ್ಲೇ ಆಕ್ಸಿಜನ್ ಕೊಡಲು ಹೇಳಿ, ಲಿವರ್ ಕಸಿಯ ಮಾತೆತ್ತಿದ್ದಾರೆ. ಡಾಕ್ಟರೇ, ಉಸಿರೇ ಸಾಲದ ಈ ಸ್ಥಿತಿಯಲ್ಲಿ ಅವರು ಅಷ್ಟು ದೊಡ್ಡ ಶಸ್ತ್ರಚಿಕಿತ್ಸೆಯನ್ನು ತಡೆದುಕೊಳ್ಳುವರೇ? ಔಷಧಿಯಿಂದ ಗುಣವಾಗುವುದಿಲ್ಲವೇ?

ಉತ್ತರ 1ರ ವೈದ್ಯರಿಂದ

ನಿಮ್ಮ ಆತಂಕ ಸಹಜ. ಹಿಗ್ಗಿದ ನಾಳಗಳನ್ನು ಮೊದಲಿನಂತೆ ಮಾಡುವುದು ಸಾಬೀತಾದ ಔಷಧಿ ಸದ್ಯಕ್ಕಿಲ್ಲ. ಆಕ್ಸಿಜನ್ ದೇಹಕ್ಕೆ ಆಸರೆಯಾಗುತ್ತದೆ, ಆದರೆ ಮೂಲವನ್ನು ಮುಟ್ಟುವುದಿಲ್ಲ. ಲಿವರ್ ಬದಲಾದರೆ ಬಹುತೇಕ ರೋಗಿಗಳಲ್ಲಿ ಶ್ವಾಸಕೋಶದ ನಾಳಗಳು ತಾವಾಗಿ ಸರಿಹೋಗುತ್ತವೆ, ಹಾಗಾಗಿ ಇಲ್ಲಿ ಉಸಿರಿನ ತೊಂದರೆಯೇ ಕಸಿಗೆ ಕಾರಣ. ಒತ್ತಡ 50ರಿಂದ 59 ಇದ್ದರೆ ತೀವ್ರ, 50ಕ್ಕಿಂತ ಕಡಿಮೆಯಾದರೆ ಅತಿತೀವ್ರ ಎಂದು ವರ್ಗೀಕರಿಸುತ್ತಾರೆ. ಅತಿತೀವ್ರ ಹಂತದಲ್ಲಿ ಶಸ್ತ್ರಚಿಕಿತ್ಸೆಯ ಅಪಾಯ ಹೆಚ್ಚು. ಲಿವರ್ ಎಷ್ಟು ಕೆಟ್ಟಿದೆ ಎಂದು ತೋರಿಸುವ ಅಂಕಗಳನ್ನಷ್ಟೇ ನೋಡಿದರೆ ನಿಮ್ಮ ತಂದೆಯವರ ಸರದಿ ಹಿಂದೆ ಬೀಳಬಹುದು, ಆದ್ದರಿಂದಲೇ ಆಮ್ಲಜನಕದ ಒತ್ತಡ 60ಕ್ಕಿಂತ ಕಡಿಮೆ ಇರುವವರಿಗೆ ಹಲವು ಕಸಿ ವ್ಯವಸ್ಥೆಗಳಲ್ಲಿ ಹೆಚ್ಚುವರಿ ಆದ್ಯತೆ ಇದೆ. ನಿಮ್ಮ ಕಸಿ ತಂಡವನ್ನು ಇದನ್ನೇ ಹೆಸರಿಟ್ಟು ಕೇಳಿ.

ಒಂದು ವಿಷಯಕ್ಕೆ ಮಾತ್ರ ಮನಸ್ಸನ್ನು ಸಿದ್ಧಪಡಿಸಿಕೊಳ್ಳಬೇಕು. ಕಸಿಯಾದ ಮರುದಿನವೇ ಉಸಿರು ಹಗುರಾಗುವುದಿಲ್ಲ. ಮೊದಲ ದಿನಗಳಲ್ಲಿ ಆಮ್ಲಜನಕ ಇನ್ನಷ್ಟು ಕುಸಿಯಲೂಬಹುದು, ಪೂರ್ತಿ ಚೇತರಿಕೆಗೆ ಆರು ತಿಂಗಳಿಂದ ಒಂದು ವರ್ಷ ಹಿಡಿಯಬಹುದು. ಅಲ್ಲಿಯವರೆಗೂ ಮಲಗಿದಾಗಿನ ಮತ್ತು ಕುಳಿತಾಗಿನ ಅಳತೆಗಳನ್ನು ದಿನಾಂಕ ಹಾಕಿ ಬರೆದಿಡುತ್ತಾ ಬನ್ನಿ, ಪ್ರತಿ ಭೇಟಿಯಲ್ಲೂ ಆ ಪುಸ್ತಕವನ್ನು ತಂಡಕ್ಕೆ ತೋರಿಸಿ.