ಜಪಾನಿನ ಹಳೇ ಸಣ್ಣ ಟ್ರ್ಯಾಕ್ಟರ್ ಬಾಳ ಕಾಯಾಕತ್ತೈತಿ, ಸಾಮಾನೂ ಸಿಗವಲ್ಲವು

ಸವಣೂರ ರೈತ:
ನಮಸ್ಕಾರ್ರೀ ಎಲ್ಲಾರಿಗೂ. ಹೋದ ವರ್ಷ ಜಪಾನಿಂದ ಬಂದ ಹಳೇ ಗಾಡಿ ತಗೊಂಡೀನಿ, 15 ಎಚ್‌ಪಿ, ಎರಡ ಸಿಲಿಂಡರ್. ನಮ್ಮದು ನಾಕ ಎಕರೆ ಮಸಾರಿ, ದೊಡ್ಡ ಗಾಡಿ ತಗೊಳ್ಳೋ ತಾಕತ್ತಿಲ್ಲ, ಬಾಡಿಗಿ ಕೊಟ್ಟೂ ಕೊಟ್ಟೂ ಸಾಕಾಗಿತ್ತು. ಗಾಡಿ ಮುಂಜಾನೆ ಒಂದ ಸಲ ಸೆಲ್ಫ್ ಹೊಡದ್ರ ಚಾಲೂ ಆಗತೈತಿ ಆದ್ರ ಗೋವಿನಜೋಳದ ಹೊಲದಾಗ ಒಂದ ತಾಸ ರೋಟಾವೇಟರ್ ಹೊಡದ್ರ ನೀರ ಕುದ್ದು ಹೊರಗ ಚೆಲ್ಲತೈತಿ. ಮುಂದಿನ ಗಾಲಿ ಆಯಿಲ್ ಸೀಲೂ (ಎಣ್ಣಿ ಸೋರದಂಗ ತಡಿಯೋ ರಬ್ಬರ್ ಬಳಿ) ಹೋಗೇತಿ, ಹುಬ್ಬಳ್ಳ್ಯಾಗ ನಾಕ ಅಂಗಡಿ ತಿರುಗಿದೆ, ಕಂಪನಿ ಹೆಸರ ಹೇಳಿದ ಕೂಡ್ಲೇ ಇಲ್ಲ ಅಂತಾರ. ಮಾರಿಬಿಡ್ಲೇನು?

ಗದಗ ಕಡೆಯವ:
ಮಾರಬ್ಯಾಡ್ರಿ ಅಣ್ಣಾರ. ನನ್ನ ಹತ್ರನೂ ಅಂಥಾದ್ದ ಐತಿ. ಅಂಗಡ್ಯಾಗ ಕಂಪನಿ ಹೆಸರ ಹೇಳಲೇಬ್ಯಾಡ್ರಿ, ನಂಬರ್ ಹೇಳ್ರಿ. ಹಳೇ ಸೀಲ್ ಡೀಸೆಲ್ ಅರಬಿಲೆ ಒರಸ್ರಿ, 25 52 7 ಅಂತ ಹಿಂಗ ಮೂರ ಅಂಕಿ ಕಾಣ್ತಾವು, ಒಳಗಿನ ಅಳತಿ, ಹೊರಗಿನ ಅಳತಿ, ದಪ್ಪ, ಎಲ್ಲಾ ಎಂಎಂದಾಗ. ಬೇರಿಂಗಿನ ಅಂಚಿಗೂ 6205 ಅಂತ ಹಂಗ ಕೆತ್ತಿರತಾರ, ಆ ನಂಬರ್ ಯಾವ ದೇಶದಾಗ ಮಾಡಿದ್ರೂ ಒಂದ ಅಳತಿ. ನಂಬರ್ ಅಳಿಸಿ ಹೋಗಿದ್ರ ವರ್ನಿಯರ್ (ಎಂಎಂ ಲೆಕ್ಕದಾಗ ಅಳಿಯೋ ಸಾಧನ) ಹಿಡಿದು ಅಳತಿ ತಗೋರಿ.

ಕಾಯೂದಕ್ಕ ಮೊದಲ ವಾಟರ್ ಪಂಪ್ ಐತೋ ಇಲ್ಲೋ ನೋಡ್ರಿ. ಹಳೇ ಸಣ್ಣ ಜಪಾನ್ ಗಾಡಿ ಕೆಲವಕ್ಕ ಪಂಪ್ ಇರಂಗಿಲ್ಲ, ಕಾದ ನೀರು ತಾನ ಮ್ಯಾಲೇರಿ ರೇಡಿಯೇಟರಿಗೆ ಹೋಗಿ ಆರಿ ಕೆಳಗ ಇಳೀತೈತಿ, ನೀರು ಮ್ಯಾಲಿನ ಪೈಪಿಗಿಂತ ಕೆಳಗ ಹೋತಂದ್ರ ಆ ತಿರುಗಾಟನ ನಿಂತಬಿಡತೈತಿ. ಅದಕ್ಕ ದಿನಾ ಮುಂಜಾನೆ ಇಂಜಿನ್ ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತಗದು ನೋಡಬೇಕು. ಕಾದಾಗ ಮಾತ್ರ ಮುಟ್ಟಬ್ಯಾಡ್ರಿ, ಉಗಿ ಮಾರಿಗೆ ಹೊಡೀತೈತಿ.

ಕಲಘಟಗಿ:
ರೇಡಿಯೇಟರಿಗೆ ಫ್ಯಾನ್ ಕಡಿಂದ ಮುಂದಕ್ಕ ಗಾಳಿ ಹೊಡೀರಿ, ಮುಂದಿಂದ ಹೊಡದ್ರ ಹೊಟ್ಟು ಇನ್ನಷ್ಟು ಒಳಗ ಕುಂದರತೈತಿ. ಫ್ಯಾನ್ ಬೆಲ್ಟ್ ಸಡಿಲ ಐತೇನು ಅದನ್ನೂ ನೋಡ್ರಿ. ಇವು ಗದ್ದಿ ಕೆಲಸಕ್ಕ ಮಾಡಿದ ಹಗುರ ಗಾಡಿ, ಒಮ್ಮೆಗೇ ಆಳ ಇಳಸಬ್ಯಾಡ್ರಿ, ಎರಡ ಸಲ ತೆಳ್ಳಗ ಹೊಡೀರಿ. ಅಂದಂಗ ಆರ್‌ಸಿ ಐತೇನ್ರಿ? ಅದರಾಗಿನ ಚಾಸಿ ನಂಬರ್ ಗಾಡಿ ಮ್ಯಾಗಿನ ನಂಬರಿಗೆ ತಾಳೆ ಹಾಕಿ ನೋಡ್ರಿ, ಹೊಂದಲಿಲ್ಲಂದ್ರ ನಾಳೆ ವಿಮಾಕ್ಕ ಬಾಳ ತ್ರಾಸ ಆಗತೈತಿ.

ಸವಣೂರ ರೈತ:
ಪಂಪ್ ಇಲ್ರಿ! ನೀರು ನಾಕ ಬೆರಳ ಕೆಳಗಿತ್ತು, ರೇಡಿಯೇಟರ್ ಮುಂದಿನ ಜಾಳಿಗಿ ತಗದ್ರ ಒಂದ ಬೊಗಸಿ ರವದಿ ಬಂತು. ಇವತ್ತ ಎರಡ ತಾಸ ಹೊಡದೆ, ಕುದೀಲಿಲ್ಲ. ಸೀಲ್ ನಂಬರ್ ಬರಕೊಂಡೀನಿ, ಸೋಮವಾರ ಹುಬ್ಬಳ್ಳಿಗೆ ಹೊಂಟೀನಿ. ಆರ್‌ಸಿ ಸರಿ ಐತ್ರಿ.